ಸಾಹೇಬ್ರು ಸೀಟಲ್ಲಿ ಯಾಕಿಲ್ಲ?

ಪ್ರಶ್ನೆ: ನಮ್ಮದು ಪುರಸಭೆ ಇರುವ ಸಣ್ಣ ಊರು. ಪುರಸಭೆ ದಾಖಲೆಯಲ್ಲಿ ಆಸ್ತಿ ನನ್ನ ಹೆಸರಿಗೆ ಮಾಡಿಸುವ ಖಾತೆ ಬದಲಾವಣೆಗೆ ಅಂತ ಏಪ್ರಿಲ್ ಕೊನೇ ವಾರ ನಾಲ್ಕು ದಿನ ಅಲೆದೆ. ಮುಖ್ಯಾಧಿಕಾರಿ ಒಂದು ದಿನವೂ ಸಿಗಲಿಲ್ಲ. ‘ಮೀಟಿಂಗು’ ಅಂತಾರೆ, ಇಲ್ಲಾಂದ್ರೆ ‘ಫೀಲ್ಡು’ ಅಂತಾರೆ. ಇವರು ವಾರವಿಡೀ ಮಾಡುವುದಾದರೂ ಏನು? (ಹೆಸರು, ಊರು ಹಾಕಬೇಡಿ ಎಂದಿದ್ದಾರೆ)

ಉತ್ತರ: ಹೋಗಿ ಹೋಗಿ ಅದೇ ವಾರ ಹೋದಿರಲ್ಲ! ಪುರಸಭೆಗಳಲ್ಲಿ ಗುಮಾಸ್ತನಾಗಿ ತಲೆ ಹಣ್ಣು ಮಾಡಿಕೊಂಡವನು ನಾನು. ಏಪ್ರಿಲ್ ಕೊನೇ ವಾರ ಬಂತೆಂದರೆ ಮನೆಯಲ್ಲಿ ಊಟಕ್ಕೆ ಕಾಯಬೇಡಿ ಎಂದು ಹೇಳಿಯೇ ಹೊರಡುತ್ತಿದ್ದೆ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಇದೆ, ಅಲ್ವಾ? ಊರಿನವರು ಮೂರು ವಾರ ಸುಮ್ನೆ ಇದ್ದು, ಕೊನೇ ನಾಲ್ಕು ದಿನ ಎಲ್ಲರೂ ಒಟ್ಟಿಗೆ ಬರುತ್ತಾರೆ. ಕೌಂಟರಿನ ಸಾಲು ರಸ್ತೆಗೆ ಬರುತ್ತದೆ, ಅಷ್ಟೊತ್ತಿಗೆ ಸರಿಯಾಗಿ ಸರ್ವರ್ ಕೈಕೊಡುತ್ತದೆ.

ಆದರೆ ಸಾಹೇಬರನ್ನು ಸೀಟಿನಿಂದ ಎಬ್ಬಿಸುವುದು ತೆರಿಗೆ ಅಲ್ಲ, ನೀರು. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರ್ ಸುಟ್ಟರೆ ವಾಲ್ವ್‌ಮನ್ ಫೋನು ಬೆಳಗಿನ ಐದಕ್ಕೇ ಬರುತ್ತದೆ. ಮೋಟರ್ ಎತ್ತಿಸಬೇಕು, ರಿವೈಂಡಿಂಗ್‌ಗೆ ಕಳಿಸಬೇಕು, ಅಲ್ಲಿಯವರೆಗೆ ಟ್ಯಾಂಕರ್ ಓಡಿಸಬೇಕು. ಯಾವ ಬೀದಿಗೆ ಮೊದಲು ಅನ್ನುವುದಕ್ಕೆ ಇಬ್ಬರು ಸದಸ್ಯರ ನಡುವೆ ಜಗಳ, ಅದು ಮುಗಿಯುವಷ್ಟರಲ್ಲಿ ಮೂರನೇ ವಾರ್ಡಿನ ಹೆಂಗಸರು ಖಾಲಿ ಕೊಡ ಹಿಡಿದು ಕಚೇರಿ ಬಾಗಿಲಿಗೆ ಬಂದಿರುತ್ತಾರೆ. ಅವರು ಕೂಗುವುದರಲ್ಲಿ ತಪ್ಪೂ ಇಲ್ಲ. ಇದರ ಮಧ್ಯೆ ಜಿಲ್ಲಾ ಕೇಂದ್ರದಲ್ಲಿ ಪರಿಶೀಲನಾ ಸಭೆ. ‘ತೆರಿಗೆ ಎಷ್ಟು ಪರ್ಸೆಂಟ್ ಆಯ್ತು?’ ಅಂತ ಅಲ್ಲಿ ಕೇಳುತ್ತಾರೆ, ಮೋಟರ್ ಬಗ್ಗೆ ಯಾರೂ ಕೇಳುವುದಿಲ್ಲ.

ಆ ವಾರವೇ ಸಾಮಾನ್ಯ ಸಭೆಯೂ ಬಿದ್ದರೆ ಮುಗಿಯಿತು. ಶಾಸಕರು, ಸಂಸದರು ಕೂಡ ಪುರಸಭೆಯ ಸದಸ್ಯರೇ, ಹಾಗಾಗಿ ಶಾಸಕರು ಬರುವುದಾದರೆ ಅವರ ಟೈಮಿಗೆ ಸಭೆ ಕಾಯುತ್ತದೆ. ನಾನು ಬರೆದ ಒಂದು ಸಭೆಯ ನಡಾವಳಿಯಲ್ಲಿ ಬೀದಿದೀಪದ ವಿಷಯ ನಾಲ್ಕು ಸಾಲು. ಸಭೆಯಲ್ಲಿ ಅದಕ್ಕೆ ಹೋಗಿದ್ದು ಎರಡು ಗಂಟೆ!

ಹಾಗಂತ ನಿಮ್ಮನ್ನು ನಾಲ್ಕು ದಿನ ಅಲೆಸಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಸಾಹೇಬರು ಇಲ್ಲ ಅನ್ನುವುದು ನಮ್ಮ ಗುಮಾಸ್ತರಿಗೆ ಬಹಳ ಅನುಕೂಲದ ಮಾತು. ಅದನ್ನು ನಾನೂ ಹೇಳಿದ್ದೇನೆ, ಒಪ್ಪಿಕೊಳ್ಳುತ್ತೇನೆ. ನಿಜ ಏನೆಂದರೆ ನಿಮ್ಮ ಕೆಲಸ ಸಾಹೇಬರ ಟೇಬಲಿನಿಂದ ಶುರುವಾಗುವುದೇ ಇಲ್ಲ. ಅರ್ಜಿ ಮೊದಲು ವಿಷಯ ನಿರ್ವಾಹಕರಿಗೆ, ಅಂದರೆ ಆ ಕಡತ ನೋಡುವ ಗುಮಾಸ್ತರಿಗೆ, ಹೋಗುತ್ತದೆ, ಆಮೇಲೆ ಕಂದಾಯ ನಿರೀಕ್ಷಕರು ಬಂದು ಜಾಗ ನೋಡುತ್ತಾರೆ, ಕೊನೆಗಷ್ಟೇ ಮುಖ್ಯಾಧಿಕಾರಿ. ಕ್ರಯಪತ್ರ, ಋಣಭಾರ ಪತ್ರ (ಇಸಿ), ತೆರಿಗೆ ರಸೀದಿ, ಆಧಾರ್, ಆಸ್ತಿಯ ಫೋಟೊ ಜೋಡಿಸಿ ಅರ್ಜಿ ಕೊಡಿ. ಸಕಾಲ (ಗೊತ್ತಾದ ದಿನದೊಳಗೆ ಕೆಲಸ ಮಾಡಿಕೊಡಬೇಕೆನ್ನುವ ಸರ್ಕಾರಿ ವ್ಯವಸ್ಥೆ) ನಂಬರ್ ಇರುವ ಸ್ವೀಕೃತಿ ಕೈಗೆ ಬರುವವರೆಗೆ ಕೌಂಟರ್ ಬಿಟ್ಟು ಕದಲಬೇಡಿ. ಆ ನಂಬರ್ ಬಿತ್ತೆಂದರೆ ದಿನದ ಲೆಕ್ಕ ಶುರುವಾಯಿತು, ‘ನಾಳೆ ಬನ್ನಿ’ ಅನ್ನುವವರು ಆ ತಡಕ್ಕೆ ಉತ್ತರ ಹೇಳಬೇಕಾಗುತ್ತದೆ. ಮೇ ಎರಡನೇ ವಾರ ಹೋಗಿ, ಕುರ್ಚಿಯೂ ಸಿಗುತ್ತದೆ.

ಪ್ರಶ್ನೆ: ನಮ್ಮ ರೆವಿನ್ಯೂ ಸೈಟಿಗೆ (ಅನುಮೋದನೆ ಇಲ್ಲದ ಬಡಾವಣೆಯ ಸೈಟು) ಪುರಸಭೆಯಿಂದ ಬಿ ಖಾತೆ ಸಿಕ್ಕಿದೆ. ಇನ್ನು ಎಲ್ಲಾ ಸಕ್ರಮ ಅಂತ ಬ್ರೋಕರ್ ಹೇಳುತ್ತಾರೆ. ಹೌದಾ?

ಉತ್ತರ: ಅಲ್ಲ. ಬಿ ಖಾತೆ ಬಂದರೆ ನಿಮ್ಮ ಆಸ್ತಿ ತೆರಿಗೆ ಲೆಕ್ಕಕ್ಕೆ ಬಂತು, ಅಷ್ಟೇ. 2024ರ ಸೆಪ್ಟೆಂಬರ್ 10ಕ್ಕೆ ಮೊದಲು ಆಗಿದ್ದ ಇಂಥ ಆಸ್ತಿಗಳನ್ನು ಲೆಕ್ಕಕ್ಕೆ ತರಲು 2025ರಲ್ಲಿ ಸರ್ಕಾರ ಅಭಿಯಾನವನ್ನೇ ಮಾಡಿತು. ಆದರೆ ಬಡಾವಣೆಗೆ ಅನುಮೋದನೆ ಇಲ್ಲದಿದ್ದರೆ ಅದು ಈಗಲೂ ಇಲ್ಲ. ಸಕ್ರಮ ಆಸ್ತಿಗೆ ಕೊಡುವ ಎ ಖಾತೆಯೇ ಇದ್ದರೂ ಅದು ಮಾಲೀಕತ್ವದ ಪತ್ರ ಅಲ್ಲ, ಅದಕ್ಕೆ ಕ್ರಯಪತ್ರದಂಥ ದಾಖಲೆಯೇ ಬೇಕು.

ಪ್ರಶ್ನೆ: ತಂದೆ ಜಿಲ್ಲಾಸ್ಪತ್ರೆಯಲ್ಲಿ ತೀರಿಕೊಂಡು ಎರಡು ತಿಂಗಳಾಯಿತು. ಮರಣ ಪತ್ರ ಕೇಳಿದರೆ ನಮ್ಮ ಊರಿನ ಪುರಸಭೆಯವರು ‘ಇಲ್ಲಿ ಬರೋದಿಲ್ಲ’ ಅಂತ ವಾಪಸ್ ಕಳಿಸಿದರು.

ಉತ್ತರ: ಈ ವಿಷಯದಲ್ಲಿ ಅವರು ಹೇಳಿದ್ದು ಸರಿ, ಬಿಡಿಸಿ ಹೇಳುವ ತಾಳ್ಮೆ ಇರಲಿಲ್ಲ ಅಷ್ಟೇ. ಸಾವು ದಾಖಲಾಗುವುದು ಅದು ನಡೆದ ಜಾಗದಲ್ಲಿ, ಮನೆ ಇರುವ ಊರಲ್ಲಲ್ಲ. 21 ದಿನದೊಳಗೆ ತಿಳಿಸಬೇಕು. 30 ದಿನ ದಾಟಿದರೆ ಮೇಲಧಿಕಾರಿಯ ಅನುಮತಿ, ತಡವಾದದ್ದಕ್ಕೆ ಶುಲ್ಕ ಬೇಕು, ವರ್ಷ ಕಳೆದರೆ ಮ್ಯಾಜಿಸ್ಟ್ರೇಟ್ ಆದೇಶವೇ ಬೇಕು. ನೀವು ಗಾಬರಿಯಾಗಬೇಡಿ, ಆಸ್ಪತ್ರೆಯಲ್ಲಾದ ಸಾವನ್ನು ತಿಳಿಸುವ ಹೊಣೆ ಆಸ್ಪತ್ರೆಯದೇ. ಜಿಲ್ಲಾಸ್ಪತ್ರೆಯ ಜನನ ಮರಣ ವಿಭಾಗಕ್ಕೆ ಹೋಗಿ, ತಂದೆಯವರ ಹೆಸರು, ತೀರಿದ ತಾರೀಖು ಹೇಳಿ ನೋಡಿ. ಬಹುಶಃ ಆಗಲೇ ದಾಖಲಾಗಿರುತ್ತದೆ.