ಪಿಕಾಸೊನ ‘ದಿ ಆಕ್ಟರ್’ ಮತ್ತು ಒಡೆತನದ ವಿವಾದ

ನಾಜಿಗಳ ಕಾಲದಲ್ಲಿ ಕೈಬಿಟ್ಟುಹೋದ ಪಿಕಾಸೊನ ‘ದಿ ಆಕ್ಟರ್’ ಚಿತ್ರವು ಮೂಲ ಕುಟುಂಬಕ್ಕೆ ಮರಳದೆ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯದಲ್ಲೇ ಉಳಿದದ್ದೇಕೆ ಎಂದು ತಾವು ಕೇಳಿದ್ದೀರಿ. 1904–05ರ ಚಳಿಗಾಲದ ಈ ಚಿತ್ರದಲ್ಲಿ, ನಸುಗೆಂಪು ಉಡುಪು ತೊಟ್ಟ ಕೃಶಕಾಯದ ಕಲಾವಿದನೊಬ್ಬ ಬೆರಳುಗಳನ್ನು ವಿಚಿತ್ರವಾಗಿ ಬಾಗಿಸಿ ನಿಂತಿದ್ದಾನೆ. ಹೆಸರು ನಟನೆಂದಿದ್ದರೂ, ಪಿಕಾಸೊ ಸರ್ಕಸ್ಸಿನವರ ಲೋಕದತ್ತ ಹೊರಳಿದ್ದು ಇಲ್ಲಿಂದಲೇ.

1912ರ ಹೊತ್ತಿಗೆ ಇದರ ಒಡೆಯರಾಗಿದ್ದ ಜರ್ಮನಿಯ ಕಲೋನಿನ ಯಹೂದಿ ಉದ್ಯಮಿ ಪಾಲ್ ಲೆಫ್‌ಮನ್, ಆಸ್ತಿಯ ಬಹುಭಾಗವನ್ನು ಕಳೆದುಕೊಂಡು 1937ರಲ್ಲಿ ಪತ್ನಿಯೊಂದಿಗೆ ಇಟಲಿಗೆ ಪಲಾಯನ ಮಾಡಿದರು. ಅಲ್ಲಿಯೂ ನೆಲೆ ಅಲುಗಾಡತೊಡಗಿದಾಗ, 1938ರ ಜೂನ್‌ನಲ್ಲಿ ಹ್ಯೂಗೊ ಪೆರ್ಲ್ಸ್ ಮತ್ತು ಪಾಲ್ ರೋಸೆನ್‌ಬರ್ಗ್ ಎಂಬ ವರ್ತಕರಿಗೆ, ದಲ್ಲಾಳಿ ಹಣ ಕಳೆದು 12,000 ಡಾಲರಿಗೆ ಚಿತ್ರವನ್ನು ಮಾರಿದರು. 1941ರಲ್ಲಿ ಅಮೆರಿಕದ ಕಲಾ ಸಂಗ್ರಾಹಕಿ ಥೆಲ್ಮಾ ಕ್ರೈಸ್ಲರ್ ಫಾಯ್ ಅದನ್ನು 22,500 ಡಾಲರಿಗೆ ಕೊಂಡು, 1952ರಲ್ಲಿ ಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟರು.

1938ರ ಮಾರಾಟ ಬಲವಂತದ್ದೆಂದು ಲೆಫ್‌ಮನ್ ವಾರಸುದಾರರ ಪರವಾಗಿ 2016ರಲ್ಲಿ ಹೂಡಿದ ದಾವೆಯನ್ನು 2018ರಲ್ಲಿ ವಜಾ ಮಾಡಿದ ನ್ಯಾಯಾಲಯವು, ಬಲವಂತ ಎನ್ನಬೇಕಾದರೆ ಕೊಂಡವರೇ ಬೆದರಿಸಿರಬೇಕು, ನಾಜಿ ಕಾಲದ ಪರಿಸ್ಥಿತಿಯ ಒತ್ತಡವೊಂದೇ ಸಾಲದು ಎಂಬ ನಿಲುವು ತಳೆಯಿತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ತರ್ಕವನ್ನು ಬದಿಗಿಟ್ಟು, ಹಕ್ಕು ಸಾಧಿಸಲು ದಶಕಗಳಷ್ಟು ತಡವಾಯಿತೆಂಬ ಕಾರಣಕ್ಕೆ ತೀರ್ಪನ್ನು ಎತ್ತಿಹಿಡಿಯಿತು. 2020ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ವಿಚಾರಣೆಗೆ ಒಪ್ಪಲಿಲ್ಲ. ವಿಳಂಬದ ವಾದ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಏಕೆಂದರೆ ಸಂಗ್ರಹಾಲಯದ ದಾಖಲೆಯಲ್ಲಿಯೇ 1938ರವರೆಗಿನ ಒಡೆತನವನ್ನು ಹೆಸರಿಲ್ಲದ ಜರ್ಮನ್ ಸಂಗ್ರಾಹಕರೊಬ್ಬರಿಗೆ ಸೇರಿಸಲಾಗಿತ್ತು. ಅದನ್ನು ತಿದ್ದಿದ್ದು ಬಹುಕಾಲದ ನಂತರ.