ಬೆನ್ನುನೋವಿಗೆ ಹೋದಾಗ ಹಳೇ ಕ್ಯಾನ್ಸರ್ ಮುಚ್ಚಿಡಬೇಡಿ

ಈ ಬಾರಿ ಬಂದ ಪ್ರಶ್ನೆಗಳಲ್ಲೂ ಅರ್ಧಕ್ಕರ್ಧ ಒಂದೇ ಥರದವು. ಮನೆಯಲ್ಲಿ ಯಾರಿಗೋ ವರ್ಷಗಳ ಹಿಂದೆ ಸ್ತನ ಕ್ಯಾನ್ಸರ್ ಆಗಿತ್ತು, ಚಿಕಿತ್ಸೆ ಮುಗಿದಿದೆ, ಈಗ ಹೊಸದೇನೋ ಶುರುವಾಗಿದೆ, "ಇದು ಅದೇನಾ ಡಾಕ್ಟ್ರೇ?" ಪತ್ರ ಓದಿ ಹೌದು, ಅಲ್ಲ ಎನ್ನಲು ಯಾರಿಗೂ ಬರುವುದಿಲ್ಲ. ಎಲ್ಲಿ ತಡವಾಗುತ್ತಿದೆ ಎಂಬುದು ಮಾತ್ರ ಪತ್ರದಲ್ಲೇ ಕಾಣುತ್ತದೆ.

ನಮ್ಮ ದೊಡ್ಡಮ್ಮನಿಗೆ 63 ವರ್ಷ. 8 ವರ್ಷದ ಹಿಂದೆ ಎಡ ಸ್ತನ ತೆಗೆದರು. ಕೀಮೋ, ರೇಡಿಯೇಷನ್ ಆಯಿತು, 5 ವರ್ಷ ಲೆಟ್ರೋಜೋಲ್ ಮಾತ್ರೆ ತೆಗೆದುಕೊಂಡರು. ಈಗ ಎರಡು ತಿಂಗಳಿಂದ ಬೆನ್ನಿನ ಮಧ್ಯೆ ನೋವು, ರಾತ್ರಿ ಮಲಗಲಾರದೆ ಎದ್ದು ಕೂರುತ್ತಾರೆ. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ ಸವೆತ ಅಂದರು. ಐದು ವರ್ಷ ದಾಟಿದರೆ ಕ್ಯಾನ್ಸರ್ ಪೂರ್ತಿ ವಾಸಿ ಅಲ್ಲವೇ? ಊರಲ್ಲೊಬ್ಬರು ಎಣ್ಣೆ ಹಚ್ಚಿ ನರ ಎಳೆಯುತ್ತಾರೆ, ತೋರಿಸಬಹುದೇ? – ಓದುಗರು, ದಾವಣಗೆರೆ

ನರ ಎಳೆಯುವವರ ಹತ್ತಿರ ಖಂಡಿತ ಬೇಡ. ಒಳಗೆ ಟೊಳ್ಳಾಗಿರುವ ಬೆನ್ನುಮೂಳೆಯ ಮೇಲೆ ಮೊಣಕಾಲೂರಿ ಒತ್ತಿದರೆ ಅದು ಕುಸಿದು ಬೆನ್ನುಹುರಿಯನ್ನು ಅದುಮಬಹುದು. ಕಾಲು ಹೋದ ಮೇಲೆ ಆ ಮಹಾಶಯ ಫೋನ್ ಎತ್ತುವುದಿಲ್ಲ.

ಐದು ವರ್ಷದ ಮಾತು ಯಾರು ಹುಟ್ಟಿಸಿದರೋ, ಕೇಳಿ ಕೇಳಿ ಸಾಕಾಗಿದೆ. ಲೆಟ್ರೋಜೋಲ್ ಹಾರ್ಮೋನ್ ತಗ್ಗಿಸುವ ಮಾತ್ರೆ, ಅದನ್ನು ಕೊಟ್ಟಿದ್ದಾರೆ ಎಂದರೆ ದೊಡ್ಡಮ್ಮನದು ಹಾರ್ಮೋನ್ ಪಾಸಿಟಿವ್, ಅಂದರೆ ಹಾರ್ಮೋನಿನ ಬಲದಿಂದ ಬೆಳೆಯುವ ಗಡ್ಡೆ. ಹಾರ್ಮೋನ್ ಗ್ರಾಹಕಗಳಾಗಲಿ ಹರ್-2 ಎಂಬ ಪ್ರೋಟೀನಿನ ಹೆಚ್ಚಳವಾಗಲಿ ಇಲ್ಲದ ಟ್ರಿಪಲ್ ನೆಗೆಟಿವ್ ಗಡ್ಡೆ ಮರಳಿ ಬರುವುದಿದ್ದರೆ ಹೆಚ್ಚಾಗಿ ಮೊದಲ ಕೆಲವು ವರ್ಷಗಳಲ್ಲೇ ಬರುತ್ತದೆ. ಹಾರ್ಮೋನ್ ಪಾಸಿಟಿವ್ ಹಾಗಲ್ಲ, 10, 15, 20 ವರ್ಷದ ಮೇಲೂ ತಲೆ ಎತ್ತಬಹುದು, ಅದಕ್ಕೆ ಎಲ್ಲಕ್ಕಿಂತ ಇಷ್ಟದ ಜಾಗ ಮೂಳೆ. ಬಹಳಷ್ಟು ಜನರಿಗೆ ಮರಳಿ ಬರುವುದೇ ಇಲ್ಲ ಎಂಬುದೂ ಅಷ್ಟೇ ನಿಜ. ಆದರೆ ಎರಡು ತಿಂಗಳಾದರೂ ಬಿಡದ, ಮಲಗಿದಾಗ ಹೆಚ್ಚಾಗುವ, ಅದೂ ಬೆನ್ನಿನ ಮಧ್ಯದ ನೋವನ್ನು ಸವೆತ ಎಂದು ಬಿಡಲು ನನಗೆ ಧೈರ್ಯವಿಲ್ಲ. ಸವೆತದ ನೋವು ಸಾಮಾನ್ಯವಾಗಿ ಮಲಗಿದರೆ ತಗ್ಗುತ್ತದೆ.

ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದರೆ ನೆಮ್ಮದಿಪಡಬೇಡಿ. ಮೂಳೆಯ ಸುಣ್ಣಾಂಶ ಶೇ 30ರಿಂದ 50ರಷ್ಟು ಹೋದ ಮೇಲಷ್ಟೇ ಅದರಲ್ಲಿ ಕಾಣುವುದು. ಇಲ್ಲಿ ನಾನು ಕೇಳಬೇಕಾದ್ದು ಬೇರೆಯೇ ಇದೆ: ಮೂಳೆ ಡಾಕ್ಟರಿಗೆ ಕ್ಯಾನ್ಸರ್ ಆಗಿದ್ದ ವಿಷಯ ಹೇಳಿದ್ದಿರಾ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ. ಇಂಥವರು ಹಿಡಿದು ತರುವ ಓಪಿಡಿ ಚೀಟಿಯಲ್ಲಿ "ಬೆನ್ನುನೋವು 2 ತಿಂಗಳು, ಶುಗರ್ ಇದೆ, ಬಿಪಿ ಇದೆ" ಎಂದಿರುತ್ತದೆ, ಸ್ತನ ತೆಗೆದದ್ದು ಇರುವುದಿಲ್ಲ. ರೋಗಿ ಸೆರಗು ಹೊದ್ದು ಕೂತಿರುತ್ತಾರೆ, ಮಾತೆಲ್ಲ ಜೊತೆಯಲ್ಲಿ ಬಂದವರದು, ಅವರಿಗೋ ಆ ಹೆಸರೆತ್ತಲು ಸಂಕೋಚ. ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದರಂತೂ ಮುಗಿಯಿತು. ಕೇಳದ ಡಾಕ್ಟರದೂ ತಪ್ಪೇ, ಅವರ ಪರ ನಾನು ವಕಾಲತ್ತು ಮಾಡುವುದಿಲ್ಲ. ಆದರೆ ಮುಂದೆ ಹಲ್ಲಿನ ಡಾಕ್ಟರ ಬಳಿ ಹೋದರೂ ಮೊದಲ ವಾಕ್ಯ ಅದೇ ಆಗಿರಲಿ.

ಈ ವಾರವೇ ಕ್ಯಾನ್ಸರ್ ತಜ್ಞರಿಗೆ ತೋರಿಸಿ. ಹಳೇ ಬಯಾಪ್ಸಿ ರಿಪೋರ್ಟು, ಡಿಸ್ಚಾರ್ಜ್ ಸಮ್ಮರಿ ಅಟ್ಟದಿಂದ ಇಳಿಸಿ. ಕಿದ್ವಾಯಿಯಲ್ಲಿ ಚಿಕಿತ್ಸೆ ಆಗಿದ್ದರೆ ಫೈಲ್ ನಂಬರ್ ಹುಡುಕಿಟ್ಟುಕೊಳ್ಳಿ. ಸೊಂಟದ್ದು ಮಾತ್ರವಲ್ಲ, ಇಡೀ ಬೆನ್ನುಹುರಿಯ ಎಂಆರ್‌ಐ ಬೇಕು. ರಕ್ತದಲ್ಲಿ ಕ್ಯಾಲ್ಸಿಯಂ, ಆಲ್ಕಲೈನ್ ಫಾಸ್ಫಟೇಸ್ ನೋಡಬೇಕು. ಏನಾದರೂ ಕಂಡರೆ ಸೂಜಿ ಹಾಕಿ ಬಯಾಪ್ಸಿ. "ಸೂಜಿ ಚುಚ್ಚಿದರೆ ಹರಡುತ್ತದೆ" ಎಂದು ಯಾರಾದರೂ ಅಡ್ಡ ಬಂದರೆ ಅವರನ್ನು ಮನೆಗೆ ಕಳಿಸಿ. ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ. ಲೆಟ್ರೋಜೋಲ್ ಮೂಳೆಯನ್ನು ತೆಳುವಾಗಿಸುತ್ತದೆ, ಬರೀ ಅದರಿಂದಲೇ ಬೆನ್ನುಮೂಳೆ ಕುಸಿದಿರಬಹುದು. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಟಿಬಿಯೂ ಸ್ಕ್ಯಾನ್‌ನಲ್ಲಿ ಕ್ಯಾನ್ಸರಿನಂತೆಯೇ ಕಂಡು ಮೋಸ ಮಾಡುತ್ತದೆ. ಕ್ಯಾನ್ಸರೇ ಆಗಿದ್ದರೂ ಅದರ ಇಆರ್, ಪಿಆರ್ (ಹಾರ್ಮೋನ್ ಗ್ರಾಹಕಗಳು), ಹರ್-2 ಫಲಿತಾಂಶ ಎಂಟು ವರ್ಷದ ಹಿಂದೆ ಇದ್ದಂತೆಯೇ ಇರಬೇಕೆಂದಿಲ್ಲ. ಅದು ಬದಲಾದರೆ ಔಷಧವೂ ಬದಲಾಗುತ್ತದೆ.

ಕಾಲು ಭಾರವಾದರೆ, ಚಪ್ಪಲಿ ಜಾರಿದ್ದು ಗೊತ್ತಾಗದಿದ್ದರೆ, ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ ವಾರದ ಮಾತಿಲ್ಲ, ಅಪಾಯಿಂಟ್‌ಮೆಂಟೂ ಬೇಡ. ಎಂಆರ್‌ಐ, ರೇಡಿಯೇಷನ್ ಎರಡೂ ಇರುವ ಆಸ್ಪತ್ರೆಯ ಎಮರ್ಜೆನ್ಸಿಗೆ ಅದೇ ದಿನ, ಅದೇ ರಾತ್ರಿ. ನಡೆಯುತ್ತಿರುವಾಗ ಚಿಕಿತ್ಸೆ ಶುರುವಾದವರಲ್ಲಿ ಹೆಚ್ಚಿನವರು ಮುಂದೆಯೂ ನಡೆಯುತ್ತಾರೆ. ಕಾಲು ಪೂರ್ತಿ ಬಿದ್ದ ಮೇಲೆ ಮರಳುವುದು ಅಪರೂಪ. ವಿಪರೀತ ದಾಹ, ಮಲಬದ್ಧತೆ, ಮಂಪರು, ಅಸಂಬದ್ಧ ಮಾತು ಒಟ್ಟಿಗೆ ಕಂಡರೂ ತಡಮಾಡಬೇಡಿ. ರಕ್ತದಲ್ಲಿ ಕ್ಯಾಲ್ಸಿಯಂ ಏರಿರಬಹುದು.

ಮರಳಿ ಬಂದದ್ದೇ ಆದರೆ ಬುಡಸಮೇತ ಕಿತ್ತುಹಾಕಲು ಸಾಮಾನ್ಯವಾಗಿ ಆಗುವುದಿಲ್ಲ. ಆದರೆ ಮೂಳೆಯಲ್ಲಷ್ಟೇ ಇರುವ ಹಾರ್ಮೋನ್ ಪಾಸಿಟಿವ್ ಕಾಯಿಲೆಯನ್ನು ಮಾತ್ರೆಗಳಲ್ಲೇ ವರ್ಷಗಟ್ಟಲೆ ಹಿಡಿದಿಡುವುದುಂಟು. ಅಂಥ ಮಾತ್ರೆಗಳಲ್ಲೊಂದಾದ ಪಾಲ್ಬೊಸಿಕ್ಲಿಬ್ 2023ರಲ್ಲಿ ಪೇಟೆಂಟ್ ಮುಗಿದ ಮೇಲೆ ಭಾರತೀಯ ಕಂಪನಿಗಳಿಂದಲೂ ಬರುತ್ತಿದೆ, ಬೆಲೆ ಬಹಳ ಇಳಿದಿದೆ. ಇನ್ನೊಂದು, "ದೊಡ್ಡಮ್ಮನಿಗೆ ಹೇಳಬೇಡಿ" ಎಂದು ಡಾಕ್ಟರ ಕಿವಿಯಲ್ಲಿ ಪಿಸುಗುಟ್ಟಬೇಡಿ. ಒಮ್ಮೆ ಕೀಮೋ ದಾಟಿ ಬಂದ ಹೆಂಗಸು, ನಿಮಗಿಂತ ಮೊದಲೇ ಅವರು ಅದನ್ನು ಯೋಚಿಸಿರುತ್ತಾರೆ.

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದ ಅಕ್ಕನಿಗೆ ಈಗ ಏನೂ ತೊಂದರೆಯಿಲ್ಲ. ಆದರೂ ಮೂರು ತಿಂಗಳಿಗೊಮ್ಮೆ ಸಿಎ 15-3 ರಕ್ತಪರೀಕ್ಷೆ, ವರ್ಷಕ್ಕೊಂದು ಇಡೀ ಮೈಯ ಪೆಟ್ ಸ್ಕ್ಯಾನ್ ಮಾಡಿಸಬೇಕೇ?

ಬೇಡ. ಹೀಗೆ ಹುಡುಕಿದರೆ ಆಯಸ್ಸು ಹೆಚ್ಚುವುದಿಲ್ಲ ಎಂದು ಇಟಲಿಯ ಎರಡು ಅಧ್ಯಯನಗಳು 1994ರಲ್ಲೇ ತೋರಿಸಿವೆ. ವರ್ಷಕ್ಕೊಂದು ಮ್ಯಾಮೊಗ್ರಾಂ, ತಜ್ಞರಿಂದ ದೈಹಿಕ ತಪಾಸಣೆ ಸಾಕು.

ಲಕ್ಷ್ಮಣಫಲದ ಪುಡಿ, ಗೋಮೂತ್ರ ಕೊಟ್ಟರೆ ಮರಳಿ ಬರುವುದಿಲ್ಲವಂತೆ?

ಸುಳ್ಳು.

ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುವ ಅಮ್ಮನಿಗೆ, ಮುಟ್ಟು ನಿಂತು ಆರು ವರ್ಷವಾದ ಮೇಲೆ ಮತ್ತೆ ಸ್ವಲ್ಪ ಬ್ಲೀಡಿಂಗ್. ಉಷ್ಣವೇ?

ಉಷ್ಣವಲ್ಲ. ಆ ಮಾತ್ರೆ ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತದೆ, ಅಪರೂಪಕ್ಕೆ ಅಲ್ಲಿ ಕ್ಯಾನ್ಸರೂ ಆಗುತ್ತದೆ. ಒಂದೇ ಹನಿ ಕಂಡಿದ್ದರೂ ಸ್ತ್ರೀರೋಗ ತಜ್ಞರಿಗೆ ತೋರಿಸಿ, ಟ್ಯಾಮಾಕ್ಸಿಫೆನ್ ಹೆಸರು ಹೇಳಿ.

ಆಪರೇಷನ್ ಆಗಿ ಆರು ವರ್ಷವಾದ ಮೇಲೆ ಅತ್ತೆಯ ಆ ಕಡೆಯ ಕೈ ಬಾತಿದೆ. ಉಪ್ಪು ಬಿಡಿಸಿದ್ದೇವೆ, ಇಳಿದಿಲ್ಲ.

ಇಳಿಯುವುದಿಲ್ಲ, ಉಪ್ಪಿಗೂ ಇದಕ್ಕೂ ಸಂಬಂಧವಿಲ್ಲ. ಸ್ತನದ ಆಪರೇಷನ್‌ನಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದವರಲ್ಲಿ ವರ್ಷಗಳ ಮೇಲೂ ಹೀಗಾಗುತ್ತದೆ. ಆದರೆ ಹೊಸದಾಗಿ ಬಂದ ಊತವಾದ್ದರಿಂದ ಮೊದಲು ಕಂಕುಳು, ಕೊರಳ ಮೂಳೆಯ ಮೇಲ್ಭಾಗ ಮುಟ್ಟಿ ಪರೀಕ್ಷಿಸಲಿ. ಅಲ್ಲಿ ಏನೂ ಇಲ್ಲವೆಂದಾದರೆ ಫಿಸಿಯೋಥೆರಪಿ, ಅಳತೆ ಕೊಟ್ಟು ಮಾಡಿಸಿದ ಬಿಗಿ ತೋಳುಚೀಲ. ಕೈ ಕೆಂಪಾಗಿ ಜ್ವರ ಬಂದರೆ ಅದು ಸೋಂಕು, ಅದೇ ದಿನ ಆಂಟಿಬಯಾಟಿಕ್ ಶುರುವಾಗಬೇಕು. ನೀರಿಳಿಸುವ ಮಾತ್ರೆ ಈ ಊತಕ್ಕೆ ಕೆಲಸ ಮಾಡುವುದಿಲ್ಲ. ಬಿಪಿಗೋ ಹೃದಯಕ್ಕೋ ಕೊಟ್ಟಿದ್ದರೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.