ಡಿಗ್ರಿಲಿ ಡಿಜಿಟಲ್ ಹ್ಯುಮ್ಯಾನಿಟೀಸ್ ಮೈನರ್ ತಗೊಂಡ್ರೆ ಉಪಯೋಗ ಇದ್ಯಾ?

ಹಾಸನದೋರು, ಮೇಜರ್ ಕಂಪ್ಯೂಟರ್ ಸೈನ್ಸು, ಹಿಸ್ಟರಿ ಮೇಲೂ ಆಸೆ, ಈ ಡಿಜಿಟಲ್ ಹ್ಯುಮ್ಯಾನಿಟೀಸ್ (ಇತಿಹಾಸ, ಸಾಹಿತ್ಯ ಇವನ್ನೆಲ್ಲ ಕಂಪ್ಯೂಟರ್ ಇಟ್ಕೊಂಡು ಓದೋದು) ಮೈನರ್ ತಗೊಂಡ್ರೆ ಕೆಲ್ಸ ಸಿಗುತ್ತಾ ಅಂತ ಕೇಳಿದೀರ. ಆ ಹೆಸ್ರಿನ ಮೇಲೆ ನಮ್ ಕಡೆ ಯಾರೂ ಕೆಲ್ಸ ಕೊಡಲ್ಲ, ಕೆಲ್ಸ ಸಿಗೋದು ಮೇಜರ್ ಮೇಲೇನೇ. ಆದ್ರೂ ತಗೊಳ್ಳಿ ಅಂತೀನಿ.

ನಂದು ಬೇಲೂರು ಕಡೆ, ಓದಿದ್ದು ಬೆಂಗಳೂರಲ್ಲಿ. ಕ್ಲಾಸಲ್ಲಿ ಮೊದ್ಲು ಬರೋದು ರೊಬೆರ್ಟೊ ಬೂಸಾ ಅನ್ನೋ ಪಾದ್ರಿ ಕತೆ, 1949ರಲ್ಲಿ ಐಬಿಎಂನೋರ ಹತ್ರ ಹೋಗಿ ಮಧ್ಯಯುಗದ ಕ್ರೈಸ್ತ ತತ್ವಜ್ಞಾನಿ ಥಾಮಸ್ ಅಕ್ವಿನಾಸ್ ಬರೆದಿದ್ದನ್ನೆಲ್ಲ ಪದ ಪದ ಬಿಡಿಸಿ ಪಂಚ್ ಕಾರ್ಡಿಗೆ ಹಾಕ್ಸೋಕೆ ಶುರು ಮಾಡಿದ್ದು, ಮುಗಿಯೋಕೆ ಹತ್ತತ್ರ ಮೂವತ್ತು ವರ್ಷ. ಪರೀಕ್ಷೆಗೆ ಬರುತ್ತೆ, ಓದ್ಕೊಳ್ಳಿ.

ಮಜಾ ಇರೋದು ಪ್ರಾಜೆಕ್ಟಲ್ಲಿ. ನಾನು ಬಿ.ಎಲ್. ರೈಸ್ ಅವ್ರ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ 5ನೇ ಸಂಪುಟ ಹಿಡ್ಕೊಂಡೆ, ನಮ್ ಜಿಲ್ಲೇದು, 1902ರದ್ದು. (ಚಿಕ್ಕಮಗಳೂರಿಂದು 6ನೇದು, ಆದ್ರೆ ಅದ್ರ ಮೇಲೆ ಕಡೂರು ಜಿಲ್ಲೆ ಅಂತಿರುತ್ತೆ, ಗಾಬರಿಯಾಗ್ಬೇಡಿ.) ಊರು, ವರ್ಷ, ರಾಜ, ವೀರಗಲ್ಲೋ ದಾನಶಾಸನನೋ, ಇಷ್ಟನ್ನ ಶೀಟಿಗೆ ಹಾಕಿ ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರಲ್ಲಿ ಚುಕ್ಕಿ ಇಡೋದು, ಸುಲಭ ಅನ್ಸುತ್ತಲ್ವಾ? ಸಕಲೇಶಪುರ ತಾಲೂಕು ಅಂತ ಹುಡುಕಿದ್ರೆ ಸಿಗಲ್ಲ, ಅಲ್ಲಿ ಅದು ಮಂಜರಾಬಾದು. ಇಸವಿ ಸಿಗೋಕೆ ಶಕವರ್ಷಕ್ಕೆ 78 ಕೂಡಿಸ್ಬೇಕು, ಕೆಲವದ್ರಲ್ಲಿ ಶಕವರ್ಷನೇ ಇರಲ್ಲ, ಬರೀ ಸಂವತ್ಸರದ ಹೆಸ್ರು, ಅದೋ 60 ವರ್ಷಕ್ಕೊಂದ್ಸಲ ಮತ್ತೆ ಬರುತ್ತೆ, ಹಂಗಾಗಿ ರಾಜ ಯಾರು ಅಂತ ನೋಡಿ ಅಂದಾಜು ಮಾಡ್ಬೇಕು, ಮಾಡಿದ್ದು ಅಂದಾಜು ಅಂತ ಪಕ್ಕದ ಕಾಲಮ್ಮಲ್ಲಿ ಬರೀಲೂಬೇಕು. ಸಾಫ್ಟ್‌ವೇರ್ ಇದ್ಯಾವ್ದೂ ಕೇಳಲ್ಲ, ಬಾಯಿಗೆ ಬಂದ ವರ್ಷ ಹಾಕಿದ್ರೂ ಚಂದದ ಮ್ಯಾಪ್ ಮಾಡ್ಕೊಡುತ್ತೆ. ಅಷ್ಟೆಲ್ಲ ಮಾಡಿ ನೋಡಿದ್ರೆ ನಮ್ ತಾಲೂಕಿನ ಹಲ್ಮಿಡಿಗೆ ಆ ಶಾಸನದ ಚುಕ್ಕೀನೇ ಬೀಳಲ್ಲ, ಯಾಕಂದ್ರೆ ಅದು ಬೆಳಕಿಗೆ ಬಂದಿದ್ದು 1936ರಲ್ಲಿ, ಪುರಾತತ್ವದೋರು ಎಂ.ಎಚ್. ಕೃಷ್ಣ ಅವ್ರಿಂದ. ಮ್ಯಾಪಲ್ಲಿ ಖಾಲಿ ಜಾಗ ಕಂಡ್ರೆ ಅಲ್ಲಿ ಶಾಸನ ಇಲ್ವೋ, ಅಥವಾ ಆಗಿನ್ನೂ ಯಾರಿಗೂ ಸಿಕ್ಕಿರ್ಲಿಲ್ವೋ ಅಂತ ಕೇಳ್ಕೊಳ್ಳೋ ಬುದ್ಧಿ ನನ್ನ ಮೇಜರ್ ಪೇಪರುಗಳಲ್ಲಿ ಯಾರೂ ಕಲಿಸ್ಲಿಲ್ಲ.

ನಿಮ್ಮ ಕೋಡಿಂಗೂ ವ್ಯರ್ಥ ಆಗಲ್ಲ. ವಾಯಂಟ್ ತರದ ಪದ ಎಣಿಸೋ ಟೂಲಿಗೆ ಕನ್ನಡ ಕೊಟ್ರೆ ಊರು, ಊರಿಗೆ, ಊರಿಂದ ಮೂರನ್ನೂ ಬೇರೆ ಬೇರೆ ಅಂತ ಎಣಿಸುತ್ತೆ, ಸರಿ ಮಾಡೋಕೆ ಪೈಥಾನ್ ಬೇಕು, ಜೊತೆಗೆ ವ್ಯಾಕರಣನೂ. ಹಳೇ ಫಾಂಟಲ್ಲಿ ಟೈಪಾದ ಫೈಲನ್ನ ಯೂನಿಕೋಡಿಗೆ ತರೋ ಗೋಳು ಇನ್ನೊಂದು, ಅದು ಬಿಡಿ.

ಸೇರೋಕೆ ಮುಂಚೆ ಸಿಲಬಸ್ ನೋಡಿ. ಬರೀ ಥಿಯರಿ, ಲ್ಯಾಬೂ ಇಲ್ಲ ಪ್ರಾಜೆಕ್ಟೂ ಇಲ್ಲ ಅಂದ್ರೆ ಬೇಡ್ವೇ ಬೇಡ, ಹಿಸ್ಟರಿನೇ ಮೈನರ್ ತಗೊಳ್ಳಿ. ಕ್ಯೂಜಿಐಎಸ್ ಫ್ರೀ, ರೈಸ್ ಸಂಪುಟಗಳ ಸ್ಕ್ಯಾನು ಇಂಟರ್ನೆಟ್ ಆರ್ಕೈವಲ್ಲಿದೆ, ರಜೇಲಿ ನಿಮ್ ಹೋಬಳಿದೊಂದು ಮನೇಲೇ ಕೂತು ಮಾಡ್ಬೋದು.